ಒಬ್ಬೊಬ್ಬರ ಅಳತೆಗೆ ಕೆಲಸ: ಸಣ್ಣ ವರ್ಕ್‌ಶಾಪ್‌ಗಳಿಗೆ ಸಮಗ್ರ ಮಾರ್ಗದರ್ಶಿ

ನಮ್ಮ ಶೆಡ್ಡಿನಲ್ಲಿ ಇನ್ಸ್‌ಪೆಕ್ಷನ್ ಟೇಬಲ್ಲಿಗೆ ಕೂರುವ ಕಾಕಾ ದಿನಕ್ಕೆ ಹತ್ತಾರು ಸಲ ವರ್ನಿಯರ್ (ಗೆರೆ ನೋಡಿ ಸೂಕ್ಷ್ಮ ಅಳತೆ ಓದುವ ಉಪಕರಣ) ಹಿಡಿದುಕೊಂಡು ಬಾಗಿಲ ತನಕ ನಡೆದು ಹೋಗುತ್ತಿದ್ದರು. ಬಿಸಿಲಿಗೆ ಅದನ್ನು ಓರೆ ಹಿಡಿದು, ಕಣ್ಣು ಕಿರಿದು ಮಾಡಿ ಗೆರೆ ಓದಿ, ವಾಪಸ್ ಬಂದು ಬರೆಯುತ್ತಿದ್ದರು. ಸುಮ್ನೆ ಕಾಲು ಆಡಿಸಿ ಬರುತ್ತಾರೆ ಅಂತ ನಾನು ತಿಳಿದಿದ್ದೆ. ಅಳತೆ ತಪ್ಪಿದ ಪೀಸುಗಳು ಕಸ್ಟಮರ್ ಕಡೆಯಿಂದ ವಾಪಸ್ ಬಂದಾಗ, ಒಂದು ಮಾತೂ ಕೇಳದೆ ಅವರನ್ನು ಪ್ಯಾಕಿಂಗಿಗೆ ಹಾಕಿದೆ. ಮೂರನೇ ದಿನ ಅವರೇ ಬಂದರು. "ಸಾಹೇಬ್ರ, ನನಗ ಗೆರಿ ಕಾಣವಲ್ವು ಅಷ್ಟರೀ. ಕೆಲಸ ಬರಂಗಿಲ್ಲಂತಲ್ಲ" ಅಂದರು.

ಅವತ್ತು ನಾನು ತಪ್ಪು ಮಾಡಿದ್ದೆ. ಬದಲಾಗಬೇಕಿದ್ದದ್ದು ವರ್ನಿಯರ್, ಕಾಕಾ ಅಲ್ಲ.

ನಾನು ಬೆಳಗಾವಿಯ ಉದ್ಯಮಬಾಗದಲ್ಲಿ ಹೈಡ್ರಾಲಿಕ್ ಬಿಡಿಭಾಗಗಳ ಜಾಬ್‌ವರ್ಕ್ ಮಾಡಿಸುತ್ತೇನೆ. ಎರಡು ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಮಷಿನ್), ಮೂರು ಹಳೇ ಲೇತ್, ಒಂದು ಡ್ರಿಲ್ಲಿಂಗ್ ಮಷಿನ್. ದೊಡ್ಡ ಕಾರ್ಖಾನೆಗಳಲ್ಲಿ ಇರುವಂತೆ ಸೇಫ್ಟಿ ಆಫೀಸರ್ ಯಾರೂ ಇಲ್ಲ. ಮಚ್ಛೆ ಕಡೆಯ ಶೆಡ್ಡುಗಳಲ್ಲಿ, ರಬಕವಿ-ಬನಹಟ್ಟಿಯ ಪವರ್‌ಲೂಮ್‌ಗಳಲ್ಲಿ ಕೆಲಸ ಮಾಡಿಸುವವರಿಗೂ ಇದು ಉಪಯೋಗಕ್ಕೆ ಬರಲಿ ಅಂತ ಬರೆಯುತ್ತಿದ್ದೇನೆ. ಇದರಲ್ಲಿರುವ ಬಹುಪಾಲು ಕೆಲಸಕ್ಕೆ ಜೇಬಿನಲ್ಲಿರುವ ಫೋನೇ ಸಾಕು.

ಹಂತ 1: ಒಬ್ಬೊಬ್ಬರನ್ನೇ ಕೇಳಿ

ಏನಾದರೂ ಕೊಳ್ಳುವ ಮೊದಲು ಒಂದು ನೋಟ್‌ಬುಕ್ ತನ್ನಿ. ಒಬ್ಬೊಬ್ಬರಿಗೆ ಒಂದೊಂದು ಪುಟ.

"ಏನಾದರೂ ತೊಂದರೆ ಇದೆಯಾ?" ಅಂತ ಕೇಳಬೇಡಿ. ಎಲ್ಲರೂ "ಏನಿಲ್ರೀ" ಅನ್ನುತ್ತಾರೆ. ತೊಂದರೆ ಇದೆ ಅಂದರೆ ಕೆಲಸದಿಂದ ತೆಗೆಯುತ್ತಾರೆ ಅನ್ನುವ ಭಯ ಇರುತ್ತದೆ. ಕಾಕಾನ ವಿಷಯದಲ್ಲಿ ನಾನು ಮಾಡಿದ್ದೂ ಹೆಚ್ಚುಕಡಿಮೆ ಅದನ್ನೇ, ಅಲ್ವಾ? ಬದಲಿಗೆ ಹೀಗೆ ಕೇಳಿ. ಯಾವ ಜಾಬ್ ಬಂದರೆ ಬೇಸರ ಆಗುತ್ತೆ? ಮನೆಗೆ ಹೋದ ಮೇಲೆ ಮೈಯಲ್ಲಿ ಎಲ್ಲಿ ನೋಯುತ್ತೆ? ದಿನದಲ್ಲಿ ಯಾವ ಹೊತ್ತು ಕಷ್ಟ? ಮಷಿನ್ನಿಗೆ ನೀನೇ ಏನಾದರೂ ಉಪಾಯ ಮಾಡಿಕೊಂಡಿದ್ದೀಯಾ?

ಕೊನೆಯ ಪ್ರಶ್ನೆಯೇ ಎಲ್ಲಕ್ಕಿಂತ ಮುಖ್ಯ. ಮಷಿನ್ ಕೆಳಗೆ ಇಟ್ಟ ಇಟ್ಟಿಗೆ, ಹ್ಯಾಂಡಲ್ಲಿಗೆ ಸುತ್ತಿದ ಸೈಕಲ್ ಟ್ಯೂಬು, ಬಾಗಿಲ ತನಕದ ಓಡಾಟ, ಇವೆಲ್ಲ ಕೆಲಸಗಾರರು ತಾವೇ ಕಂಡುಕೊಂಡ ಪರಿಹಾರಗಳು. ಅವನ್ನು ನೋಡಿದರೆ ಅರ್ಧ ಉತ್ತರ ಸಿಗುತ್ತದೆ.

ಹೆಣ್ಣುಮಕ್ಕಳ ಹತ್ತಿರ ಒಬ್ಬ ಅಕ್ಕನೇ ಮಾತಾಡಲಿ. ನಮ್ಮಲ್ಲಿ ನನ್ನ ಹೆಂಡತಿ ಮಾತಾಡುತ್ತಾಳೆ. ಮರಾಠಿ, ಹಿಂದಿ ಮಾತಾಡುವವರನ್ನು ಅವರ ಮಾತಿನಲ್ಲೇ ಕೇಳಿ. ಆಫೀಸಿಗೆ ಕರೆಯಬೇಡಿ, ಚಹಾ ಹೊತ್ತಿಗೆ ಹೊರಗೆ ಕಟ್ಟೆಯ ಮೇಲೆ ಕೂತು ಮಾತಾಡಿ.

ಹಂತ 2: ಫೋನ್ ಹಿಡಿದು ಅಳೆಯಿರಿ

ಕೇಳಿದ್ದನ್ನು ಈಗ ಕಣ್ಣಾರೆ ನೋಡಿ. ಅವರ ಒಪ್ಪಿಗೆ ಪಡೆದು, ಕೆಲಸ ಮಾಡುವಾಗ ಪಕ್ಕದಿಂದ ಎರಡು ನಿಮಿಷ ವಿಡಿಯೋ ಮಾಡಿ. ಆಮೇಲೆ ಅವರ ಜೊತೆಗೇ ಕೂತು ನಿಧಾನಕ್ಕೆ ಓಡಿಸಿ ನೋಡಿ. ಬೆನ್ನು ಎಷ್ಟು ಬಾಗುತ್ತದೆ, ಭುಜ ಎಷ್ಟು ಏರುತ್ತದೆ, ಒಂದು ಪೀಸಿಗೆ ಎಷ್ಟು ಸಲ ತಿರುಗಬೇಕು ಅನ್ನುವುದೆಲ್ಲ ತಾನಾಗಿ ಕಾಣುತ್ತದೆ. ನೋಡಿದ ಮೇಲೆ ಅವರ ಎದುರಿಗೇ ವಿಡಿಯೋ ಅಳಿಸಿ.

ಬೆಳಕು ಅಳೆಯಲು ಲಕ್ಸ್ ಮೀಟರ್ ಆ್ಯಪ್ ಸಿಗುತ್ತದೆ. ಅದು ಹೇಳುವುದು ಅಂದಾಜು ಮಾತ್ರ. ಆದರೆ ಈ ಟೇಬಲ್ಲಿಗೂ ಆ ಟೇಬಲ್ಲಿಗೂ ಎಷ್ಟು ವ್ಯತ್ಯಾಸ ಅಂತ ತಿಳಿಯಲು ಸಾಕು. ಸೂಕ್ಷ್ಮ ತಪಾಸಣೆಗೆ 1000 ಲಕ್ಸ್ ಆಸುಪಾಸು ಇದ್ದರೆ ಒಳ್ಳೆಯದು. ಕಾಕಾನ ಟೇಬಲ್ ಮೇಲೆ ಅದರ ಕಾಲುಭಾಗವೂ ಇರಲಿಲ್ಲ.

ಸದ್ದಿಗೆ ಆ್ಯಪ್ ಇಲ್ಲದೆಯೂ ಒಂದು ಪರೀಕ್ಷೆ ಇದೆ. ಒಂದು ಮೀಟರ್ ದೂರದಲ್ಲಿ ನಿಂತವರಿಗೆ ಮಾತು ಕೇಳಿಸಲು ದನಿ ಏರಿಸಬೇಕಾದರೆ, ಅಲ್ಲಿ ಸುಮಾರು 85 ಡೆಸಿಬೆಲ್ ದಾಟಿದೆ ಅಂತ ತಿಳಿಯಿರಿ. ದಿನಕ್ಕೆ 8 ಗಂಟೆ, ವರ್ಷಗಟ್ಟಲೆ ಆ ಸದ್ದಿನಲ್ಲಿ ನಿಂತರೆ ಕಿವಿ ಕೆಡುತ್ತದೆ. 3 ಡೆಸಿಬೆಲ್ ಏರಿದರೆ ಸದ್ದಿನ ಶಕ್ತಿ ಎರಡು ಪಟ್ಟಾಗುತ್ತದೆ, ಹಾಗಾಗಿ 88 ಅಂದರೆ 85ಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೇ ಅಂದುಕೊಳ್ಳಬೇಡಿ.

ತೂಕಕ್ಕೆ ಲಗೇಜ್ ತೂಗುವ ಕೊಕ್ಕೆ ತಕ್ಕಡಿ ಸಾಕು. ಪ್ರತಿ ಕ್ರೇಟಿಗೂ ತೂಕ ಬರೆದು ಅಂಟಿಸಿ. ಎತ್ತುವ ಜಾಗ, ಹಿಡಿತ ಎಲ್ಲ ಸರಿ ಇದ್ದಾಗಲೂ ಒಬ್ಬರು ಎತ್ತುವ ತೂಕ 23 ಕಿಲೋ ದಾಟಬಾರದು ಅನ್ನುವುದು ಕೆಲಸದ ಸುರಕ್ಷತೆ ನೋಡುವ ಅಮೆರಿಕದ ನಿಯೋಶ್ ಸಂಸ್ಥೆಯ ಸೂತ್ರ. ನೆಲದಿಂದ ಬಾಗಿ ಎತ್ತುವುದಾದರೆ ಇನ್ನೂ ಕಡಿಮೆ ಇರಬೇಕು.

ಹಂತ 3: ಒಬ್ಬೊಬ್ಬರಿಗೆ ಬೇಕಾದದ್ದನ್ನು ಜೋಡಿಸಿ

ಕಣ್ಣು. 40 ದಾಟಿದ ಮೇಲೆ ಹತ್ತಿರದ್ದು ಕಾಣುವುದು ಎಲ್ಲರಿಗೂ ಕಡಿಮೆಯಾಗುತ್ತದೆ. 60ರ ಕಣ್ಣಿನ ಪರದೆಗೆ ತಲುಪುವ ಬೆಳಕು 20ರ ಕಣ್ಣಿಗೆ ಹೋಲಿಸಿದರೆ ಸುಮಾರು ಮೂರನೇ ಒಂದು ಭಾಗ. ಆದ್ದರಿಂದ ಮೊದಲು ಕಣ್ಣಿನ ಡಾಕ್ಟರ ಹತ್ತಿರ ಕಳಿಸಿ, ಆಮೇಲೆ ಬೆಳಕು ಸರಿಮಾಡಿ, ಉಪಕರಣ ಕೊನೆಗೆ ತನ್ನಿ. ಲೈಟನ್ನು ನೆತ್ತಿಯ ಮೇಲೆ ಹಾಕಬೇಡಿ, ಬಗ್ಗಿಸಬಹುದಾದ ಕತ್ತಿನ ಎಲ್‌ಇಡಿ ದೀಪವನ್ನು ಪಕ್ಕದಿಂದ ಕೊಡಿ. ಪಾಲಿಶ್ ಆದ ಲೋಹದ ಮೇಲೆ ನೆತ್ತಿಯ ಬೆಳಕು ಥಳಥಳ ಹೊಳೆದು ಗೆರೆಯನ್ನೇ ಮುಚ್ಚಿಬಿಡುತ್ತದೆ.

ಸಾಮಾನ್ಯ ವರ್ನಿಯರ್‌ನಲ್ಲಿ 0.02 ಮಿಲಿಮೀಟರ್ ಓದಬೇಕಾದರೆ ಯಾವ ಎರಡು ಗೆರೆ ಕೂಡಿದವು ಅಂತ ಹುಡುಕಬೇಕು. ಡಿಜಿಟಲ್ ವರ್ನಿಯರ್ 0.01ರ ತನಕ ಅಂಕಿಯಲ್ಲೇ ತೋರಿಸುತ್ತದೆ. ಕೂಲಂಟ್ (ಲೋಹ ಕತ್ತರಿಸುವಾಗ ಸುರಿಯುವ ತಂಪು ದ್ರವ) ಹತ್ತಿರ ಕೆಲಸ ಇದ್ದರೆ ಐಪಿ67 ಅಂತ ಬರೆದದ್ದನ್ನೇ ಕೊಳ್ಳಿ, ಇಲ್ಲದಿದ್ದರೆ ನೀರು ಹೊಕ್ಕು ಅಂಕಿ ಕುಣಿಯತೊಡಗುತ್ತದೆ. ಇನ್ನೂ ಸ್ವಲ್ಪ ದುಡ್ಡು ಹಾಕಿದರೆ ಬ್ಲೂಟೂತ್ ಇರುವುದು ಸಿಗುತ್ತದೆ. ಬಟನ್ ಒತ್ತಿದರೆ ಅಳತೆ ನೇರವಾಗಿ ಟ್ಯಾಬ್ಲೆಟ್‌ನ ಶೀಟಿಗೆ ಹೋಗುತ್ತದೆ. ಅಲ್ಲಿ ಅಂಕಿಯನ್ನು ಅಂಗೈ ಅಗಲ ದೊಡ್ಡದು ಮಾಡಿಡಿ. ಅಳತೆ ತಪ್ಪಿದರೆ ಆ ಚೌಕದ ಬಣ್ಣ ಬದಲಾಗುವಂತೆ ಶೀಟಿನಲ್ಲೇ ಹೊಂದಿಸಬಹುದು.

ನಾನು ಉತ್ಸಾಹದಲ್ಲಿ ಟ್ಯಾಬ್ಲೆಟ್ ಕನ್ನಡದಲ್ಲಿ ಅಂಕಿ ಓದಿ ಹೇಳುವಂತೆಯೂ ಮಾಡಿಸಿದ್ದೆ. ಕಾಕಾ ಎರಡೇ ದಿನಕ್ಕೆ ಅದನ್ನು ಬಂದ್ ಮಾಡಿಸಿದರು. "ಅದು ಒದರಿದ್ರ ನನ್ನ ಲೆಕ್ಕ ತಪ್ಪತೈತ್ರೀ" ಅಂದರು. ದೊಡ್ಡ ಅಂಕಿ ಉಳಿಯಿತು, ದನಿ ಹೋಯಿತು. ಬಳಸುವವರೇ ಹೀಗೆ ಬೇಕು, ಬೇಡ ಹೇಳಲಿ. ಈಗ ಅವರು ಮತ್ತೆ ಇನ್ಸ್‌ಪೆಕ್ಷನ್ ಟೇಬಲ್ಲಿನಲ್ಲೇ ಇದ್ದಾರೆ, ಬಾಗಿಲಿಗೆ ಹೋಗುವುದು ಚಹಾಕ್ಕೆ ಮಾತ್ರ.

ಬಣ್ಣ ಗುರುತು ಹಿಡಿಯದವರೂ ಇರುತ್ತಾರೆ. ಹುಟ್ಟಿನಿಂದ ಬರುವ ಈ ತೊಂದರೆ ಗಂಡಸರಲ್ಲೇ ಜಾಸ್ತಿ. ಕೆಂಪು ಕ್ರೇಟು ರಿಜೆಕ್ಟಿಗೆ, ಹಸಿರು ಕ್ರೇಟು ಪಾಸಿಗೆ ಅಂತ ಬರೀ ಬಣ್ಣ ನಂಬಿ ಕೂರಬೇಡಿ. ಕ್ರೇಟಿನ ಮೇಲೆ ದೊಡ್ಡ ಗುಣಿಸು ಗುರುತು, ಸರಿ ಗುರುತು ಬರೆಯಿರಿ.

ಕಿವಿ. ಇದರ ಮೇಲೆ ನಾವು ಜಾಸ್ತಿ ದುಡಿದಿದ್ದೇವೆ, ಜಾಸ್ತಿ ಕಲಿತೂ ಇದ್ದೇವೆ. ನಮ್ಮ ಒಬ್ಬ ಸಿಎನ್‌ಸಿ ಆಪರೇಟರ್ ಹುಡುಗನಿಗೆ ಹುಟ್ಟಿನಿಂದ ಕಿವಿ ಕೇಳುವುದಿಲ್ಲ. ಅವನು ಕೆಲಸ ಮಾಡುವಾಗ ನೋಡಿದರೆ ಎಡಗೈ ಸದಾ ಮಷಿನ್ ಬಾಗಿಲ ಮೇಲೆ. ನಡುಕ ಬದಲಾದರೆ ಬೆರಳಿಗೆ ತಿಳಿಯುತ್ತದೆ. ಉಳಿದವರಿಗೆ ಇನ್ಸರ್ಟ್ (ಲೋಹ ಕತ್ತರಿಸುವ ತುದಿ) ಸವೆದಾಗ ಸದ್ದಿನಲ್ಲಿ ಗೊತ್ತಾದರೆ, ಅವನಿಗೆ ಅಂಗೈಯಲ್ಲಿ ಗೊತ್ತಾಗುತ್ತಿತ್ತು. ಆದರೆ ಬೆನ್ನು ತಿರುಗಿಸಿ ಪೀಸು ಅಳೆಯುವಾಗ ಅಲಾರಂ ಹೊಡೆದರೆ ಗೊತ್ತಾಗುತ್ತಿರಲಿಲ್ಲ. ನಿಮಿಷಕ್ಕೊಮ್ಮೆ ತಿರುಗಿ ನೋಡುತ್ತಿದ್ದ.

ನನಗೆ ಮೊದಲು ಹೊಳೆದದ್ದು ನಡುಗುವ ಸ್ಮಾರ್ಟ್‌ವಾಚ್. ಅದು ತಪ್ಪು. ಪೀಸು ಹಿಡಿದು ತಿರುಗುವ ಚಕ್ ಹತ್ತಿರ ಕೈಯಲ್ಲಿ ವಾಚು, ಕಡಗ, ದಾರ, ಗ್ಲೌಸು ಯಾವುದೂ ಇರಬಾರದು. ಸಿಕ್ಕಿಕೊಂಡರೆ ಕೈಯೇ ಹೋಗುತ್ತದೆ. ಮಣಿಕಟ್ಟಿಗೆ ಕಟ್ಟುವುದನ್ನು ಪ್ಯಾಕಿಂಗ್, ಸ್ಟೋರ್‌ನಂಥ ಜಾಗಗಳಿಗೆ ಬಿಡಿ. ಮಷಿನ್ ಮುಂದೆ ನಿಲ್ಲುವವರಿಗೆ ಪ್ಯಾಂಟಿನ ಜೇಬಿನಲ್ಲಿ ನಡುಗುವ ಫೋನ್, ಜೊತೆಗೆ ಕಣ್ಣೆದುರು ಮಿನುಗುವ ದೀಪ ಸರಿ.

ನಾವು ಮಾಡಿದ ಕ್ರಮ ಹೀಗಿದೆ. ಸಿಎನ್‌ಸಿ ತಲೆಯ ಮೇಲೆ ಕೆಂಪು, ಹಳದಿ, ಹಸಿರಿನ ಟವರ್ ಲ್ಯಾಂಪ್ ಇರುತ್ತದೆ. ನಮ್ಮ ಮಷಿನ್ನಿನಲ್ಲಿ ಆ ಕೆಂಪು ದೀಪಕ್ಕೆ ಹೋಗುವುದು 24 ವೋಲ್ಟ್. ಅಲ್ಲಿಂದ ಒಂದು ಆಪ್ಟೋಕಪ್ಲರ್ ಮಾಡ್ಯೂಲ್ (ಬೆಳಕಿನ ಮೂಲಕ ಸಿಗ್ನಲ್ ದಾಟಿಸುವ ಬಿಡಿಭಾಗ) ಮೂಲಕ ಇಎಸ್‌ಪಿ32 ಅನ್ನುವ ವೈಫೈ ಇರುವ ಸಣ್ಣ ಕಂಪ್ಯೂಟರ್ ಬೋರ್ಡಿಗೆ ಸಿಗ್ನಲ್ ಕೊಟ್ಟೆವು. ಬೋರ್ಡಿನ ಪಿನ್ನು ತಡೆಯುವುದು 3.3 ವೋಲ್ಟ್ ಮಾತ್ರ. ನೇರ 24 ಕೊಟ್ಟರೆ ಅಲ್ಲೇ ಸುಟ್ಟುಹೋಗುತ್ತದೆ, ಅದಕ್ಕೇ ನಡುವೆ ಆಪ್ಟೋಕಪ್ಲರ್ ಬೇಕು. ಬೋರ್ಡಿನಿಂದ ಒಂದು ರಿಲೇ (ಸಿಗ್ನಲ್ಲಿಗೆ ಓಡುವ ಸ್ವಿಚ್) ಮೂಲಕ ಅಳತೆ ಟೇಬಲ್ ಎದುರಿಗೆ ಮಿನುಗುವ ದೀಪ ಹಚ್ಚಿದೆವು. ವೈಫೈ ಮೂಲಕ ಅವನ ಫೋನಿಗೂ ಸಂದೇಶ ಹೋಗುತ್ತದೆ. ದೀಪಕ್ಕೆ ಮಾತ್ರ ವೈರನ್ನೇ ಎಳೆಯಿರಿ, ವೈಫೈ ಹೋದಾಗಲೂ ಅದು ಹತ್ತಬೇಕು. ಬೋರ್ಡಿಗೆ ಆಗುವುದು ಕೆಲವು ನೂರು ರೂಪಾಯಿ. ಬೆಳಗಾವಿಯಲ್ಲಿ ಇಂಜಿನಿಯರಿಂಗ್ ಕಾಲೇಜುಗಳಿಗೆ ಕೊರತೆ ಇಲ್ಲ, ವಿಟಿಯು ಇರುವುದೂ ಇಲ್ಲೇ. ಕೊನೆಯ ವರ್ಷದ ಹುಡುಗರು ಪ್ರಾಜೆಕ್ಟ್ ಹುಡುಕುತ್ತಿರುತ್ತಾರೆ. ಅವರನ್ನು ಕರೆದು ಈ ಕೆಲಸ ತೋರಿಸಿ.

ಮೂರು ಎಚ್ಚರಿಕೆ. ಪ್ಯಾನಲ್ ಒಳಗಿನ ವೈರಿಂಗ್ ಎಲೆಕ್ಟ್ರಿಷಿಯನ್ನೇ ಮಾಡಲಿ. ಮಷಿನ್ ಇನ್ನೂ ವಾರಂಟಿಯಲ್ಲಿದ್ದರೆ ಕೊಟ್ಟವರನ್ನು ಮೊದಲು ಕೇಳಿ. ಎಮರ್ಜೆನ್ಸಿ ಸ್ಟಾಪ್, ಬಾಗಿಲಿನ ಇಂಟರ್‌ಲಾಕ್ (ಬಾಗಿಲು ತೆರೆದಾಗ ಮಷಿನ್ ಓಡದಂತೆ ತಡೆಯುವ ವ್ಯವಸ್ಥೆ) ವೈರುಗಳನ್ನು ಯಾವ ಕಾರಣಕ್ಕೂ ಮುಟ್ಟಬೇಡಿ. ಬೆಂಕಿಯ ಅಲಾರಂಗೂ ಸೈರನ್ ಜೊತೆ ಮಿನುಗುವ ದೀಪ ಇರಲೇಬೇಕು, ಶೌಚಾಲಯದ ಒಳಗೂ ಸಹ.

ಟೂಲ್ ಸವೆತಕ್ಕೆ ಹೊಸದೇನೂ ಕೊಳ್ಳಬೇಕಾಗಿ ಬರಲಿಲ್ಲ. ಸಿಎನ್‌ಸಿ ಪರದೆಯ ಮೇಲೇ ಸ್ಪಿಂಡಲ್ ಲೋಡ್ (ತಿರುಗಿಸುವ ಮೋಟರ್ ಮೇಲಿನ ಹೊರೆ) ಪರ್ಸೆಂಟ್‌ನಲ್ಲಿ ಕಾಣುತ್ತದೆ. ಇನ್ಸರ್ಟ್ ಮೊಂಡಾದಂತೆ ಅದು ಏರುತ್ತದೆ. ಹೊಸ ಇನ್ಸರ್ಟ್ ಹಾಕಿದಾಗ ಎಷ್ಟು, ಬದಲಿಸುವ ಹೊತ್ತಿಗೆ ಎಷ್ಟು ಅಂತ ಒಂದು ವಾರ ಬರೆದಿಟ್ಟೆವು. ಎಷ್ಟು ಪೀಸಿಗೆ ಒಮ್ಮೆ ಬದಲಿಸಬೇಕು ಅಂತ ಕೌಂಟರ್ ಹಾಕಿದೆವು. ಇದರಿಂದ ಕಿವಿ ಕೇಳುವವರಿಗೂ ಲಾಭ ಆಯಿತು.

ಮಾತುಕತೆಗೆ ಆಂಡ್ರಾಯ್ಡ್ ಫೋನಿನ ಲೈವ್ ಟ್ರಾನ್ಸ್‌ಕ್ರೈಬ್ ಬಳಸಿ. ಮಾತಾಡಿದ್ದು ಕನ್ನಡದಲ್ಲೇ ಅಕ್ಷರವಾಗಿ ಮೂಡುತ್ತದೆ. ಮಷಿನ್ ಓಡುವಾಗ ಅದನ್ನು ನಂಬಬೇಡಿ, ಹೊರಗೆ ಬಂದು ಬಳಸಿ. ಅಳತೆಯ ಅಂಕಿಗಳನ್ನಂತೂ ಬರೆದೇ ತೋರಿಸಿ. ಇದಕ್ಕಿಂತ ಹೆಚ್ಚಾಗಿ, ಅವನ ಸನ್ನೆ ಭಾಷೆಯನ್ನು ನೀವೂ ಕಲಿಯಿರಿ. ಭಾರತೀಯ ಸನ್ನೆ ಭಾಷೆಯ ಸರ್ಕಾರಿ ನಿಘಂಟಿನ 2021ರ ಆವೃತ್ತಿಯಲ್ಲಿ 10,000 ಪದಗಳಿವೆ. ನಮ್ಮ ಶೆಡ್ಡಿನಲ್ಲಿ ನಿಲ್ಲಿಸು, ಅಳತೆ ಹೆಚ್ಚು, ಅಳತೆ ಕಡಿಮೆ, ಟೂಲ್ ಬದಲಿಸು, ಊಟ ಆಯ್ತಾ ಇಂಥ ಮೂವತ್ತು ಸನ್ನೆಗಳು ಈಗ ಎಲ್ಲರಿಗೂ ಬರುತ್ತವೆ. ಸದ್ದಿನ ನಡುವೆ ನಾವು ನಾವೇ ಮಾತಾಡಲೂ ಅವೇ ಬಳಕೆಗೆ ಬಂದಿವೆ.

ಭಾಷೆ. ಬೆಳಗಾವಿಯಲ್ಲಿ ಒಂದೇ ಲೇತ್ ಮೇಲೆ ಬೆಳಿಗ್ಗೆ ಕನ್ನಡ, ಮಧ್ಯಾಹ್ನ ಮರಾಠಿ, ರಾತ್ರಿ ಹಿಂದಿ. ಡ್ರಾಯಿಂಗ್ ಓದಲು ಬರದ ಹೊಸ ಹೆಲ್ಪರ್‌ಗಳೂ ಇರುತ್ತಾರೆ. ಪ್ರತಿ ಜಾಬಿಗೂ ನಲವತ್ತು ಸೆಕೆಂಡಿನ ವಿಡಿಯೋ ಮಾಡಿ. ಕೆಲಸ ಬಲ್ಲವರ ಹೆಗಲ ಹಿಂದಿನಿಂದ ತೆಗೆಯಿರಿ, ಆಗ ನೋಡುವವರಿಗೆ ಎಡ, ಬಲ ತಿರುಗುಮುರುಗು ಆಗುವುದಿಲ್ಲ. ಮಾತು ಬೇಡ, ಕೈ ಕಾಣಲಿ ಸಾಕು. ಸರಿ ಪೀಸು, ತಪ್ಪು ಪೀಸು ಪಕ್ಕಪಕ್ಕ ಇಟ್ಟು ಕೊನೆಗೆ ತೋರಿಸಿ. ವಿಡಿಯೋಗೆ ಕ್ಯೂಆರ್ ಕೋಡ್ ಮಾಡಿ ಜಾಬ್ ಕಾರ್ಡಿಗೆ ಅಂಟಿಸಿ. ಪೇಮೆಂಟ್ ಸ್ಕ್ಯಾನ್ ಮಾಡಿದಷ್ಟೇ ಸುಲಭ. ಕೆಲಸ ಶುರು ಮಾಡುವ ಮೊದಲು ನೋಡಬೇಕು, ಮಷಿನ್ ಓಡುವಾಗ ಫೋನ್ ಕೈಗೆ ಬರಬಾರದು.

ಬೆನ್ನು, ಭುಜ. ಒಂದೇ ಟೇಬಲ್ ಒಂದು ಶಿಫ್ಟಿನಲ್ಲಿ ಆರಡಿ ಹುಡುಗನಿಗೆ, ಇನ್ನೊಂದರಲ್ಲಿ ಐದಡಿ ಅಕ್ಕನಿಗೆ. ಇಬ್ಬರಲ್ಲಿ ಒಬ್ಬರಿಗಂತೂ ನೋವು ಖಂಡಿತ. ಸೂಕ್ಷ್ಮ ಕೆಲಸಕ್ಕೆ ಟೇಬಲ್ ಮೊಣಕೈಗಿಂತ ಸ್ವಲ್ಪ ಮೇಲಿರಲಿ, ಸಾಮಾನ್ಯ ಕೆಲಸಕ್ಕೆ ಸ್ವಲ್ಪ ಕೆಳಗೆ, ಒತ್ತಿ ಮಾಡುವ ಭಾರದ ಕೆಲಸಕ್ಕೆ ಇನ್ನೂ ಕೆಳಗೆ. ಮೋಟರ್ ಟೇಬಲ್‌ಗಳಲ್ಲಿ ಒಬ್ಬೊಬ್ಬರ ಎತ್ತರ ನೆನಪಿಟ್ಟುಕೊಳ್ಳುವ ಬಟನ್ ಇರುತ್ತದೆ. ನಮಗೆ ಅದು ದುಬಾರಿ ಆಯಿತು. ಸ್ಕ್ರೂ ಜಾಕ್ ಇರುವ ಕಾಲುಗಳನ್ನು ಇಲ್ಲೇ ಫ್ಯಾಬ್ರಿಕೇಟರ್ ಹತ್ತಿರ ಮಾಡಿಸಿದೆವು. ಕಾಲಿನ ಮೇಲೆ ಒಬ್ಬೊಬ್ಬರ ಗುರುತು ಪೇಂಟಿನಲ್ಲಿ ಹಾಕಿದ್ದೇವೆ. ಕ್ರೇಟ್ ನೆಲದ ಮೇಲೆ ಇಡಬೇಡಿ. ಪೀಸು ತೆಗೆದಂತೆ ತಳ ಮೇಲೇರುವ ಸ್ಪ್ರಿಂಗ್ ಟ್ರಾಲಿ ಸಿಗುತ್ತದೆ. ಬೆನ್ನು ನೋವಿರುವವರಿಗೆ ಅದು ದೊಡ್ಡ ಉಪಕಾರ.

ಹೊತ್ತು. ಖಾನಾಪುರ ಕಡೆಯಿಂದ ಬಸ್ಸಿಗೆ ಬರುವವರು, ಮಗುವನ್ನು ಅಂಗನವಾಡಿಗೆ ಬಿಟ್ಟು ಬರುವ ಅಕ್ಕ, ಇವರಿಗೆ ಬೆಳಿಗ್ಗೆ ಎಂಟಕ್ಕೆ ಹಾಜರಿರಬೇಕು ಅಂದರೆ ದಿನಾ ಓಟ. ಕೆಲಸಗಳನ್ನು ಎರಡು ಪಟ್ಟಿ ಮಾಡಿ: ಮಷಿನ್ ಹೊತ್ತಿಗೇ ಆಗಬೇಕಾದವು, ಯಾವಾಗ ಮಾಡಿದರೂ ನಡೆಯುವವು. ಡೀಬರಿಂಗ್ (ಪೀಸಿನ ಅಂಚಿನ ಚೂಪು ತೆಗೆಯುವುದು), ಪ್ಯಾಕಿಂಗ್ ಎರಡನೆಯ ಪಟ್ಟಿಗೆ ಬರುತ್ತವೆ. ವಾರಕ್ಕೊಮ್ಮೆ ಒಂದು ಗೂಗಲ್ ಶೀಟನ್ನು ಗುಂಪಿಗೆ ಕಳಿಸಿ, ಅವರೇ ತಮ್ಮ ಹೊತ್ತು ತುಂಬಲಿ, ಬದಲಾಯಿಸಿಕೊಳ್ಳಲಿ. ಬರೆಯಲು ಬರದವರು ವಾಯ್ಸ್ ಮೆಸೇಜ್ ಕಳಿಸಲಿ.

ಬಿಸಿಲು. ವಿಜಯಪುರ, ಬಾಗಲಕೋಟೆಯಲ್ಲಿ ಬೇಸಿಗೆ 40 ಡಿಗ್ರಿ ಮುಟ್ಟುತ್ತದೆ, ತಗಡಿನ ಕೆಳಗೆ ಇನ್ನೂ ಜಾಸ್ತಿ. ಉಷ್ಣತೆ, ತೇವ ಎರಡನ್ನೂ ಅಳೆಯುವ ಸಣ್ಣ ಸೆನ್ಸರ್ ಹಾಕಿ. ಅಂಕಿ ನೋಡಿ ಭಾರದ ಕೆಲಸವನ್ನು ಬೆಳಿಗ್ಗೆಗೆ ತನ್ನಿ. ಹೊಸಬರಿಗೆ ಮೈ ಒಗ್ಗಲು ದಿನ ಬೇಕು. ಮೊದಲ ದಿನ ಬಿಸಿಯಲ್ಲಿ 20 ಪರ್ಸೆಂಟ್ ಹೊತ್ತು ಮಾತ್ರ, ಆಮೇಲೆ ದಿನಕ್ಕೆ 20 ಪರ್ಸೆಂಟ್‌ನಂತೆ ಏರಿಸುತ್ತಾ ಹೋಗಿ.

ಹಂತ 4: ಮಾಹಿತಿ ಯಾರದ್ದು ಅಂತ ಮೊದಲೇ ಹೇಳಿ

ಒಬ್ಬರ ನೋವು, ಕಣ್ಣು, ಕಿವಿಯ ವಿಷಯ ನಿಮ್ಮ ನೋಟ್‌ಬುಕ್ಕಿನಲ್ಲಿದೆ. ಅದನ್ನು ಬೀಗ ಹಾಕಿಡಿ. ಎದೆಬಡಿತ ಅಳೆಯುವ ಪಟ್ಟಿ ಕಟ್ಟಿಸಿ ಯಾರು ಎಷ್ಟು ದಣಿದರು ಅಂತ ನೋಡಬಹುದು ಅಂತ ನನಗೂ ಒಬ್ಬರು ಹೇಳಿದರು. ನಾನು ಒಪ್ಪಲಿಲ್ಲ. ದಣಿವು ತಿಳಿಯಲು ಕೇಳಿದರೆ ಸಾಕು. ಡಿಜಿಟಲ್ ವರ್ನಿಯರ್‌ನಿಂದ ಶೀಟಿಗೆ ಬರುವ ಹೊತ್ತನ್ನು ನೋಡಿ ಯಾರು ನಿಧಾನ ಅಂತ ಪಗಾರ ಕತ್ತರಿಸಿದರೆ, ಮಾರನೇ ದಿನದಿಂದ ಯಾರೂ ನಿಮಗೆ ನಿಜ ಹೇಳುವುದಿಲ್ಲ. ವೈಯಕ್ತಿಕ ಡಿಜಿಟಲ್ ಮಾಹಿತಿಯ ರಕ್ಷಣೆಗೆ 2023ರಲ್ಲಿ ಕಾನೂನೂ ಆಗಿದೆ. ಏನು ದಾಖಲಾಗುತ್ತದೆ, ಯಾರು ನೋಡುತ್ತಾರೆ, ಯಾವಾಗ ಅಳಿಸುತ್ತೇವೆ, ಈ ಮೂರನ್ನು ಅವರ ಭಾಷೆಯಲ್ಲಿ ಬರೆದು ಗೋಡೆಗೆ ಹಚ್ಚಿ.

ಅಂಗವೈಕಲ್ಯ ಇರುವವರ ಹಕ್ಕುಗಳ 2016ರ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಹೆಸರಿಸಿದೆ. 20 ಅಥವಾ ಹೆಚ್ಚು ಜನ ಕೆಲಸ ಮಾಡುವ ಖಾಸಗಿ ಘಟಕಗಳು ಸಮಾನ ಅವಕಾಶದ ನೀತಿಯಲ್ಲಿ ಅವರಿಗೆ ಯಾವ ಕೆಲಸ, ಏನೇನು ಅನುಕೂಲ ಅಂತ ವಿವರವಾಗಿ ಬರೆಯಬೇಕು. ನಮ್ಮಲ್ಲಿ ಅಷ್ಟು ಜನ ಇಲ್ಲ, ಆದರೂ ಬರೆದಿದ್ದೇವೆ. ಒಂದೇ ಹಾಳೆ ಆಗಿದೆ.

ಹಂತ 5: ಎರಡು ವಾರ ನೋಡಿ, ಆಮೇಲೆ ಮುಂದುವರಿಸಿ

ಒಮ್ಮೆಗೆ ಒಬ್ಬರಿಗೆ, ಒಂದೇ ಬದಲಾವಣೆ. ಎರಡು ಮೂರು ಒಟ್ಟಿಗೆ ಮಾಡಿದರೆ ಯಾವುದು ಕೆಲಸ ಮಾಡಿತು ಅಂತ ಗೊತ್ತಾಗುವುದಿಲ್ಲ. ಬದಲಾವಣೆಗೆ ಮೊದಲು ಎರಡೇ ಅಂಕಿ ಬರೆದಿಡಿ: ವಾರದ ರಿಜೆಕ್ಷನ್ ಎಷ್ಟು, ಸಂಜೆ ನೋವು ಹತ್ತರಲ್ಲಿ ಎಷ್ಟು. ಎರಡು ವಾರ ಬಿಟ್ಟು ಮತ್ತೆ ಬರೆಯಿರಿ. ರಿಜೆಕ್ಷನ್ ಇಳಿದು ನೋವು ಏರಿದ್ದರೆ ಅದು ಸರಿಯಾದ ಬದಲಾವಣೆ ಅಲ್ಲ, ತೆಗೆದುಹಾಕಿ. ಬಳಸುವವರು ಬೇಡ ಅಂದರೂ ತೆಗೆಯಿರಿ, ಆದರೆ ಯಾಕೆ ಬೇಡ ಅಂತ ಕೇಳಿ ಪುಟದಲ್ಲಿ ಬರೆದಿಡಿ.

ಒಬ್ಬರು ಮಷಿನ್ ಬದಲಿಸಿದಾಗ ಅವರ ದೀಪ, ಟೇಬಲ್ ಎತ್ತರ, ಫೋನಿನ ಸಂದೇಶ ಎಲ್ಲವೂ ಅವರ ಜೊತೆ ಹೋಗಬೇಕು. ಇದು ಮರೆತುಹೋಗುತ್ತದೆ. ನಮ್ಮಲ್ಲಿ ಹುಡುಗನನ್ನು ಎರಡನೇ ಸಿಎನ್‌ಸಿಗೆ ಹಾಕಿದ ದಿನ ಮಿನುಗುವ ದೀಪ ಮೊದಲನೆಯದರ ಮುಂದೆಯೇ ಉಳಿದಿತ್ತು. ಅವನು ಬಂದು ನನ್ನ ತೋಳು ತಟ್ಟಿ, ದೀಪದ ಕಡೆ ಬೆರಳು ಮಾಡಿ, ಆಮೇಲೆ ತನ್ನ ಹೊಸ ಮಷಿನ್ ಕಡೆ ತೋರಿಸಿದ. ಸ್ಕ್ರೂಡ್ರೈವರ್ ಅವನ ಕೈಯಲ್ಲೇ ಇತ್ತು.